ಬಂದೂಕು ಹಿಡಿಯದ ನನ್ನ ತಮ್ಮ

ನನ್ನ ತಮ್ಮ ವಿಲ್ಫ್ರೆಡ್ ಯಾರ್ಕ್‌ಷೈರಿನ ನಮ್ಮ ಕಣಿವೆಯ ಉಣ್ಣೆ ಗಿರಣಿಯಲ್ಲಿ ನೇಕಾರನಾಗಿದ್ದ. ಭಾನುವಾರ ಬಂತೆಂದರೆ ಸಮಾಜವಾದಿಗಳ ಕ್ಲಬ್ಬಿನಲ್ಲಿ ಗಂಟಲು ಬಿಚ್ಚಿ ಹಾಡಬೇಕು, ಚಹಾ ಆರುವವರೆಗೆ ವಾದ ಮಾಡಬೇಕು. ಮಹಾಯುದ್ಧ ನಡೆಯುತ್ತಿದ್ದ ೧೯೧೬ರಲ್ಲಿ ಗಂಡಸರೆಲ್ಲ ಸೈನ್ಯಕ್ಕೆ ಸೇರಲೇಬೇಕೆಂಬ ಕಾನೂನು ಬಂದಾಗ, "ಜರ್ಮನಿಯ ನೇಕಾರ ನನಗೇನು ಮಾಡಿದ್ದಾನೆ? ನಾನು ಹೋಗಲ್ಲ," ಎಂದುಬಿಟ್ಟ.

ಯಾಕೆ ಸೇರುವುದಿಲ್ಲವೆಂದು ಊರ ಮಂಡಳಿಯವರು ವಿಚಾರಣೆಗೆ ಕರೆದರು. ಮುಖ್ಯಸ್ಥರಾಗಿ ಕೂತಿದ್ದವರು ನಮ್ಮ ಗಿರಣಿಯ ಯಜಮಾನರೇ.

"ಅಲ್ಲಯ್ಯಾ, ಜರ್ಮನ್ ಸಿಪಾಯಿ ಬಂದು ನಿನ್ನ ಅಕ್ಕನ ಮೇಲೆ ಕೈಮಾಡಿದ್ರೆ ಏನು ಮಾಡ್ತೀಯ?"

ವಿಲ್ಫ್ರೆಡ್ ಹಿಂದೆ ಕೂತಿದ್ದ ನನ್ನತ್ತ ತಿರುಗಿ ನೋಡಿದ. "ಸ್ವಾಮಿ, ನಮ್ಮ ಈಡಿತ್ ಅಕ್ಕನ ಸಿಟ್ಟು ನೀವು ಕಂಡಿಲ್ಲ. ಪಾಪ, ಆ ಜರ್ಮನ್‌ನವನನ್ನೇ ನಾನು ಅವಳ ಕೈಯಿಂದ ಬಿಡಿಸ್ಬೇಕಾಗುತ್ತೆ."

ಸಭೆಯೆಲ್ಲ ಗೊಳ್ಳೆಂದಿತು. ಯಜಮಾನರು ಮಾತ್ರ ನಗಲಿಲ್ಲ. ಸೇರಲೇಬೇಕೆಂದು ತೀರ್ಪಾಯಿತು; ಸಿಪಾಯಿಗಳು ವಿಲ್ಫ್ರೆಡ್‌ನನ್ನು ಬ್ಯಾರಕ್ಕಿಗೆ ಎಳೆದೊಯ್ದರು. ಸಮವಸ್ತ್ರ ತೊಡಲೊಪ್ಪದೆ ಚಳಿಯಲ್ಲಿ ಒಳಬಟ್ಟೆಯಲ್ಲೇ ನಿಂತನಂತೆ. ಅಲ್ಲಿಂದ ಸೀದಾ ಜೈಲು.

ಜೈಲಿನಲ್ಲಿ ಅಂಚೆ ಚೀಲ ಹೊಲಿಯುವ ಕೆಲಸ. ಕೈದಿಗಳು ಪರಸ್ಪರ ಮಾತಾಡುವಂತಿಲ್ಲ. ನಮ್ಮ ಬಾಯಿಬಡುಕನಿಗೆ ಅಲ್ಲಿಯ ನೀರುಗಂಜಿಗಿಂತ ಇದೇ ಕಷ್ಟವಾಯಿತು. ಆದರೆ ಭಾನುವಾರದ ಪ್ರಾರ್ಥನೆಯಲ್ಲಿ ಹಾಡಬಹುದಿತ್ತು. ವಿಲ್ಫ್ರೆಡ್ ದೇವರ ಹಾಡಿನ ರಾಗಕ್ಕೇ ತನ್ನ ಮಾತು ಹೊಂದಿಸಿದ: "ಓ ಹೊಸಬನೇ, ಹೊರಗೇನು ಸುದ್ದಿ?"

ಹಿಂದಿನ ಸಾಲಿನಿಂದ ಅದೇ ರಾಗದಲ್ಲಿ ಉತ್ತರ ಬಂತು: "ರಷ್ಯಾದ ದೊರೆ ಗದ್ದುಗೆ ಇಳಿದ, ಹಲ್ಲೆಲೂಯ!"

ಗೋಡೆಗೊರಗಿ ತೂಕಡಿಸುತ್ತಿದ್ದ ಕಾವಲುಗಾರ ಕ್ಲೆಗ್ ಕಣ್ಣು ಬಿಟ್ಟ. ಅವನೂ ರಾಗ ಕೆಡಿಸಲಿಲ್ಲ: "ಬಾಯಿ ಮುಚ್ರೋ, ಸಾಹೇಬ್ರು ಬಂದ್ರು, ಆಮೆನ್!"

ಯುದ್ಧ ಮುಗಿದು ಎಷ್ಟೋ ತಿಂಗಳಾದ ಮೇಲೆ ಅವನನ್ನು ಬಿಟ್ಟರು. ಗಿರಣಿಯಲ್ಲಿ ಕೆಲಸ ಕೊಡಲಿಲ್ಲ. ಬೀದಿಯಲ್ಲಿ ಕೆಲವರು ಮುಖ ತಿರುಗಿಸಿದರು. ಅವನು ಹಾಡದೆ ಒಲೆಯ ಮುಂದೆ ಸುಮ್ಮನೆ ಕೂತದ್ದನ್ನು ನಾನು ಆಗಲೇ ಮೊದಲು ಕಂಡದ್ದು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಸೆತ್ ಡೈಸನ್ ಬಾಗಿಲು ತಳ್ಳಿಕೊಂಡು ಬಂದ. ಫ್ರಾನ್ಸಿನ ಕಂದಕದಲ್ಲಿ ಎಡಗೈ ಕಳೆದುಕೊಂಡವನು. ಜಗಳಕ್ಕೇ ಬಂದನೆಂದು ನಾನು ಇಬ್ಬರ ನಡುವೆ ಹೋಗಿ ನಿಂತೆ.

"ಏನೋ ಕೈದಿ?"

"ಏನೋ ಸಿಪಾಯಿ?"

"ನೀನು ಗುಂಡು ಹಾರಿಸಲ್ಲ ಅಂದೆ, ನಾನು ಹಾರಿಸಿ ಬಂದೆ. ಗಿರಣಿಯವರಿಗೆ ಇಬ್ರೂ ಬೇಡವಂತೆ. ಏಳು, ಮೀನು ಕರಿಯೋಣ."

ಕರಿದ ಮೀನು, ಕರಿದ ಆಲೂಗಡ್ಡೆ ಮಾರುವ ಅಂಗಡಿ ತೆರೆದೇಬಿಟ್ಟರು. ವಿಲ್ಫ್ರೆಡ್ ಆಲೂಗಡ್ಡೆ ಹೆಚ್ಚುವುದು, ಸೆತ್ ಬಲಗೈಯಲ್ಲಿ ಕರಿಯುವುದು. ಮೊದಮೊದಲು ಕ್ಲಬ್ಬಿನವರು ಬಿಟ್ಟರೆ ಯಾರೂ ಸುಳಿಯಲಿಲ್ಲ. ಆಮೇಲೆ ಘಮಘಮ ಕೆಲಸ ಮಾಡಿತು. ಹಿಂದಿನ ಬೀದಿಯ ಮಿಸೆಸ್ ಬ್ರೂಕ್ ಮೂಗು ಮುರಿಯುತ್ತಲೇ ಒಳಬಂದರು.

"ಸೆತ್ ಮುಖ ನೋಡಿ ಬಂದೆ, ನಿನ್ನ ನೋಡಿ ಅಲ್ಲ."

"ಹಾಗಾದ್ರೆ ಬರೀ ಮೀನು ತಗೊಳ್ಳಿ ಅಮ್ಮಾ," ಎಂದ ವಿಲ್ಫ್ರೆಡ್. "ಆಲೂಗಡ್ಡೆ ಹೆಚ್ಚಿದ್ದು ನಾನು."

ಅವರು ಒಂದು ಗಳಿಗೆ ಯೋಚಿಸಿ ಎರಡನ್ನೂ ಕಟ್ಟಿಸಿಕೊಂಡರು.

ಯುದ್ಧದ ವಿಷಯದಲ್ಲಿ ಮಾತ್ರ ಆ ಇಬ್ಬರೂ ಕೊನೆಯವರೆಗೂ ಒಮ್ಮತಕ್ಕೆ ಬರಲಿಲ್ಲ. ವಾದ ಜೋರಾದ ದಿನ ಮೀನು ಸೀದುಹೋಗುತ್ತಿತ್ತು. ಸೀದದ್ದೆಲ್ಲ ನಮ್ಮ ಮನೆಗೆ.