ಬಾಗಿಲಲ್ಲಿ ಕೂಗಬಾರದ ಹೆಸರು

ನಮ್ಮ ಕೋರ್ಟು ಕಟ್ಟಿಸಿದವರಿಗೆ ನ್ಯಾಯಕ್ಕಿಂತ ಎತ್ತರದ ಮೇಲೆ ಮೋಹ ಜಾಸ್ತಿ ಇದ್ದಿರಬೇಕು. ಬಾಗಿಲುಗಳೆಲ್ಲ ಆನೆ ನುಗ್ಗುವಷ್ಟು ದೊಡ್ಡವು. ನಡುವೆ ಗುಮ್ಮಟ, ಎರಡೂ ಕಡೆ ಕಲ್ಲುಕಂಬಗಳ ಉದ್ದನೆಯ ಪಡಸಾಲೆ, ಹಿಂದುಗಡೆ ಆ ಕಾಲದ ನ್ಯಾಯಾಧೀಶರ ಕುದುರೆಗಳಿಗೆಂದು ಕಟ್ಟಿದ ಲಾಯ. ಈಗ ಅಲ್ಲಿ ವಕೀಲರ ಸಂಘವಿದೆ. ಕುದುರೆ ಹೋದರೂ ಲಾಯ ಲಾಯರುಗಳಿಗೇ ಉಳಿಯಿತು ಎಂಬ ಹಳಸಲು ಜೋಕನ್ನು ಪ್ರತಿಯೊಬ್ಬ ಹೊಸ ವಕೀಲನೂ ತಾನೇ ಕಂಡುಹಿಡಿದಂತೆ ನನಗೆ ಹೇಳುತ್ತಾನೆ. ಪಡಸಾಲೆಯ ಮೂಲೆಯಲ್ಲಿ ಕೂತು ಜನರ ಅರ್ಜಿ ಟೈಪು ಮಾಡಿಕೊಡುವ ಹೆಂಗಸು ನಾನು. ಪ್ರತಿಸಲವೂ ನಗುತ್ತೇನೆ. ಹೊಟ್ಟೆಪಾಡು.

ಆ ಗುಮ್ಮಟದ್ದು ವಿಚಿತ್ರ ಗುಣ. ಒಳಗೆ ವಕೀಲರು ಗಂಟಲು ಹರಿದುಕೊಂಡರೂ ಮಾತೆಲ್ಲ ಮೇಲೆ ಹೋಗಿ ಕಲಸಿಹೋಗುತ್ತದೆ. ಬಾಗಿಲ ಕಮಾನಿನ ಕೆಳಗೆ ನಿಂತು ಹೊರಗೆ ಮುಖ ಮಾಡಿ ಕೂಗಿದರೆ ಮಾತ್ರ ಗೇಟಿನವರೆಗೂ ಕೇಳುತ್ತದೆ. ಆ ಜಾಗ ದಫೇದಾರ ಕಂಚಣ್ಣನದು. ಕಂಚಿನ ಕಂಠದವನೆಂದು ನಾವೇ ಇಟ್ಟ ಹೆಸರು. ಕೇಸು ಬಂದಾಗ ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಮೂರನೆಯ ಕೂಗಿಗೂ ಬಾರದಿದ್ದರೆ ಗೈರುಹಾಜರು, ಅರ್ಜಿ ವಜಾ ಆದರೂ ಆಯಿತು. ಅವನು ಬಾಯಿಬಿಟ್ಟರೆ ಹಳೇ ಗುಮ್ಮಟದ ಗಾರೆ ಉದುರುತ್ತದೆ ಎಂದು ನಾವು ಛೇಡಿಸುತ್ತಿದ್ದೆವು. ನಿಜಕ್ಕೂ ಉದುರುತ್ತಿತ್ತು.

ಮನೆಯಲ್ಲಿ ಮಾತ್ರ ಆತ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಹೆಂಡತಿಗೆ ‘ಇವಳೇ’. ಒಬ್ಬಳೇ ಮಗಳಿಗೆ ಮುದ್ದಿನ ಹೆಸರು. ಶಾಲೆಯಲ್ಲಿ ಬರೆಸಿದ ಹೆಸರು ಅವನ ನಾಲಿಗೆಯ ಮೇಲೆ ಬಂದದ್ದೇ ಇಲ್ಲ. ಯಾಕೆ ಹೀಗೆ ಎಂದು ಕೇಳಿದ್ದೆ.

“ಆ ಬಾಗಿಲಲ್ಲಿ ಕೂಗಿದ ಹೆಸರಿಗೆಲ್ಲ ಏನೋ ಒಂದು ಕಷ್ಟ ಅಂಟ್ಕೊಂಡಿರುತ್ತಮ್ಮ,” ಎಂದಿದ್ದ. “ನನ್ನ ಮನೆಯವರ ಹೆಸ್ರು ಅಲ್ಲಿಗೆ ಬರಬಾರ್ದು.”

ಬಂತು. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದ ಮಗಳು, ವಿಚ್ಛೇದನದ ಅರ್ಜಿ ಟೈಪು ಮಾಡಿಸಲು ನನ್ನ ಮುಂದೆಯೇ ಕೂತಳು. ಕಂಚಣ್ಣ “ಸ್ವಲ್ಪ ಹೊಂದ್ಕೊಂಡು ಹೋಗು” ಎಂದನಂತೆ, ಇವಳು ಆಗುವುದಿಲ್ಲ ಎಂದಳಂತೆ. ಅಲ್ಲಿಂದ ಒಂದೇ ಸೂರಿನಡಿ ಅಪ್ಪ ಮಗಳಿಗೆ ಮಾತಿಲ್ಲ. ಕೋರ್ಟಿನಲ್ಲಿ ಎಲ್ಲರಿಗೂ, ತಾಯಿಗೆ ಹುಷಾರಿಲ್ಲ, ನೋಡಿಕೊಳ್ಳಲು ಬಂದಿದ್ದಾಳೆ ಎಂದು ಹೇಳಿಕೊಂಡು ತಿರುಗಿದ. ಆ ತಾಯಿ ಗುಂಡುಕಲ್ಲಿನಂತೆ ಸಂತೆಗೆ ಬರುತ್ತಿದ್ದದ್ದನ್ನು ಎಲ್ಲರೂ ನೋಡುತ್ತಿದ್ದರು.

“ತೀರ್ಪು ಹೇಗಾದ್ರೂ ಬರ್ಲಿ ಅತ್ತೆ,” ಎಂದಳು ಹುಡುಗಿ. ಚಿಕ್ಕಂದಿನಿಂದ ನನ್ನನ್ನು ಹಾಗೇ ಕರೆಯುವವಳು. “ನಾಲ್ಕು ಜನರ ಮುಂದೆ ಅಪ್ಪ ನನ್ನನ್ನ ಮುಚ್ಚಿಡ್ತಾರಲ್ಲ, ಅದು ಮಾತ್ರ ತಡ್ಕೊಳ್ಳೋಕಾಗಲ್ಲ.”

ವಿಚಾರಣೆಯ ದಿನ ಕಂಚಣ್ಣನಿಗೆ ರಜೆ ಹಾಕು ಎಂದೆ.

“ಬೇರೆಯವನ ಕೈಲಿ ಕೂಗಿಸ್ಲಾ?” ಎಂದು ನನ್ನ ಮೇಲೆಯೇ ರೇಗಿದ.

ಹುಡುಗಿ ನಾಚಿಕೆಯಿಂದ ಲಾಯದ ಕಡೆಯ ಕೊನೆಯ ಕಂಬದ ಹಿಂದೆ ಕೂತಿದ್ದಳು. ಅವಳ ವಕೀಲ ಎಂದಿನಂತೆ ಬೇರೆ ಕೋರ್ಟ್ ಹಾಲಿನಲ್ಲಿದ್ದ. ಗಂಡನೂ ಅವನ ವಕೀಲನೂ ಆಗಲೇ ಒಳಗೆ ನಿಂತಿದ್ದರು. ನಾನು ಬಾಗಿಲ ಪಕ್ಕದಲ್ಲೇ ಕೂತಿದ್ದೆ. ಕೇಸು ಬಂತು. ಕಂಚಣ್ಣ ಕಮಾನಿನ ಕೆಳಗೆ ಬಂದು ಚೀಟಿ ನೋಡಿ ಬಾಯಿ ತೆರೆದ. ಬರಿಯ ಕೆಮ್ಮು ಬಂತು. ಎರಡನೆಯ ಸಲ ಆ ಹೆಸರಿನ ಮೊದಲ ಅಕ್ಷರಕ್ಕೇ ನಿಂತುಬಿಟ್ಟ.

“ಅರ್ಜಿದಾರರು ಗೈರು, ಸ್ವಾಮಿ,” ಎಂದು ಒಳಗಿನಿಂದ ಗಂಡನ ವಕೀಲನ ದನಿ ಕೇಳಿತು.

ಓಡಿಹೋಗಿ ಕರೆತರೋಣವೆಂದು ನಾನು ಎದ್ದೆ. ಅಷ್ಟರಲ್ಲಿ ಕಂಚಣ್ಣ ಚೀಟಿ ಮಡಚಿ ಕಣ್ಣು ಮುಚ್ಚಿಕೊಂಡ.

“ಪುಟ್ಟೀ, ಬಾರೇ, ಹೊತ್ತಾಯ್ತು.”

ಬೀದಿಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವ ದನಿ. ಅದು ಪಡಸಾಲೆಯ ಉದ್ದಕ್ಕೂ ಹೋಯಿತು. ಜಗಳವಾಡುತ್ತಿದ್ದವರೂ ತಿರುಗಿ ನೋಡಿದರು. ನನಗೆ ಅಳು ಬಂತು, ಯಾಕೆ ಸುಳ್ಳು ಹೇಳಲಿ. ಕಂಬದ ಹಿಂದಿನಿಂದ “ಬಂದೆ ಅಪ್ಪಾ” ಎನ್ನುತ್ತ ಅವಳು ಸೆರಗು ಸರಿಮಾಡಿಕೊಂಡು ಓಡಿಬಂದಳು.

ನ್ಯಾಯಾಧೀಶರು ಕನ್ನಡಕ ತೆಗೆದರು. “ಯಾರನ್ರೀ ಕರೆದಿದ್ದು? ಆ ಹೆಸರಿನವರು ಈ ಕೇಸಿನಲ್ಲಿ ಇಲ್ಲವಲ್ಲ.”

ಹಾಲಿನ ತುಂಬ ಅವನು ಸುಳ್ಳು ಹೇಳಿದ್ದ ಗುಮಾಸ್ತರು, ವಕೀಲರು. ಕಂಚಣ್ಣ ಬೆಲ್ಟು ಸರಿಪಡಿಸಿಕೊಂಡು ನೆಟ್ಟಗೆ ನಿಂತ.

“ಅರ್ಜಿದಾರರನ್ನೇ, ಸ್ವಾಮಿ,” ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಪಕ್ಕಕ್ಕೆ ಬಂದು ನಿಂತವಳ ಭುಜದ ಮೇಲೆ ಕೈಯಿಟ್ಟ. “ನನ್ನ ಮಗಳು. ಹಾಜರಿದ್ದಾಳೆ.”