ದಬರಿ ಇಳಿಸಲು ಜಿಮ್‌ಗೆ ಬಂದ ರೇಣುಕಮ್ಮ

2022ರ ಜೂನ್ ತಿಂಗಳು. ಪ್ರೌಢಶಾಲೆಯ ದೈಹಿಕ ಶಿಕ್ಷಕನಾಗಿ ಮೂವತ್ತೊಂದು ವರ್ಷ ಸೀಟಿ ಊದಿ ನಿವೃತ್ತನಾದ ಮೇಲೆ ನಾನು ಶಿಕಾರಿಪುರದಲ್ಲಿ ಒಂದು ಸಣ್ಣ ಜಿಮ್ ನಡೆಸುತ್ತಿದ್ದೆ. ಎರಡು ಟ್ರೆಡ್‌ಮಿಲ್, ನಾಲ್ಕು ಬೆಂಚು, ಗೋಡೆಗೆ ಒಂದು ಉದ್ದನೆಯ ಕನ್ನಡಿ, ಬೇಕಾದಷ್ಟು ಕಬ್ಬಿಣ. ಬೆಳಿಗ್ಗೆ ಐದೂವರೆಗೆ ಗಂಡಸರು, ಸಂಜೆ ನಾಲ್ಕೂವರೆಯಿಂದ ಆರರವರೆಗೆ ಹೆಂಗಸರು, ಆಮೇಲೆ ಕಾಲೇಜು ಹುಡುಗರು. ಊರವರಿಗೆ ನಾನು ಆಗಲೂ ಪಿಟಿ ಮೇಷ್ಟ್ರೇ, ಈಗಲೂ ಪಿಟಿ ಮೇಷ್ಟ್ರೇ.

ಹೊಸದಾಗಿ ಬಂದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಗುರಿ ಏನೆಂದು. ಹೊಟ್ಟೆ ಕರಗಬೇಕು ಎನ್ನುವವರು ಕೆಲವರು, ಮದುವೆ ಗೊತ್ತಾಗಿದೆ, ಫೋಟೊದಲ್ಲಿ ಚೆನ್ನಾಗಿ ಕಾಣಬೇಕು ಎನ್ನುವವರು ಕೆಲವರು. 'ಸುಮ್ನೆ ಬಂದ್ವಿ ಸರ್, ಫ್ರೆಂಡ್ ಕರೆದ' ಎನ್ನುವವರೇ ಹೆಚ್ಚು. ಸುಮ್ಮನೆ ಬಂದವರು ಹದಿನೈದು ದಿನದಲ್ಲಿ ಮಾಯ. ನನಗೆ ಸಿಟ್ಟು ಬರುತ್ತಿತ್ತು. ಗುರಿ ಇಲ್ಲದೆ ಭಾರ ಎತ್ತುವುದೂ ಒಂದೇ, ಬಸ್‌ ನಿಲ್ದಾಣದಲ್ಲಿ ಕುಳಿತು ಹೋಗಿಬರುವ ಬಸ್ಸು ಎಣಿಸುವುದೂ ಒಂದೇ ಎಂದು ಮುಖಕ್ಕೆ ಹೇಳಿಬಿಡುತ್ತಿದ್ದೆ.

ಒಂದು ಸಂಜೆ ನಲವತ್ತು ದಾಟಿದ ಹೆಂಗಸೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಕೈಯಲ್ಲಿ ಒಂದು ವೈರ್ ಬುಟ್ಟಿ. ಮಗನನ್ನು ಹುಡುಕಿಕೊಂಡು ಬಂದ ತಾಯಿ ಇರಬೇಕು ಎಂದುಕೊಂಡೆ.

"ಯಾರು ಬೇಕಿತ್ತಮ್ಮ?"

"ನೀವೇ ಬೇಕಿತ್ತು ಮೇಷ್ಟ್ರೇ. ನಂಗೆ ದಬರಿ ಇಳಿಸೋಕೆ ಶಕ್ತಿ ಬರ್ಬೇಕು. ದಸರಾ ರಜೆ ಒಳಗೆ."

ನನ್ನ ಅಷ್ಟು ವರ್ಷದ ಸೇವೆಯಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಗುರಿ ಹೇಳಿರಲಿಲ್ಲ. ಏನು ಮಾಡಬೇಕು, ಯಾವಾಗಿನೊಳಗೆ ಮಾಡಬೇಕು, ಎರಡೂ ಒಂದೇ ಉಸಿರಿನಲ್ಲಿ ಬಂದಿದ್ದವು. ಕುರ್ಚಿ ಎಳೆದು ಕೂರಿಸಿದೆ.

ಅವರ ಹೆಸರು ರೇಣುಕಮ್ಮ, ವಯಸ್ಸು ನಲವತ್ತಾರು. ತವರು ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕಡೆ, ಕೊಟ್ಟದ್ದು ನಮ್ಮ ತಾಲ್ಲೂಕಿಗೆ. ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಬಿಸಿಯೂಟದ ಮುಖ್ಯ ಅಡುಗೆಯವರು. ದಬರಿ ಎಂದರೆ ಅನ್ನ ಬೇಯಿಸುವ ದೊಡ್ಡ ಅಗಲ ಬಾಯಿಯ ಪಾತ್ರೆ. ಇಬ್ಬರು ಹೆಂಗಸರು ಎರಡೂ ಬದಿ ಹಿಡಿದು ಅದನ್ನು ಒಲೆಯಿಂದ ಇಳಿಸಬೇಕು. ಹಿಂದಿನ ಮಾರ್ಚ್‌ನಲ್ಲಿ ಇಳಿಸುವಾಗ ಅವರ ಕೈ ಸೋತು ದಬರಿ ವಾಲಿತ್ತು, ಕುದಿಯುವ ಗಂಜಿ ನೆಲಕ್ಕೆ ಚೆಲ್ಲಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಶಾಲಾ ಸಮಿತಿಯವರು ಸುಮ್ಮನಿರಲಿಲ್ಲ. ಮಕ್ಕಳು ಓಡಾಡುವ ಜಾಗ, ಕೈಲಾಗದಿದ್ದರೆ ಬಿಟ್ಟುಬಿಡಿ, ದಸರಾ ರಜೆ ಮುಗಿಯುವುದರೊಳಗೆ ಗಟ್ಟಿ ಇರುವವರನ್ನು ನೋಡುತ್ತೇವೆ ಎಂದಿದ್ದರು.

"ಬಿಟ್ಟು ಮನೇಲಿ ಕೂತ್ಕೊಂಡು ಎಂತ ಮಾಡ್ಲಿ? ಆ ಮಕ್ಕಳಿಗೆ ಯಾರಿಗೆ ಎಷ್ಟು ಸಾರು ಬೇಕು ಅಂತ ನಂಗೆ ಗೊತ್ತು. ಅದು ನನ್ನ ಅಡುಗೆಮನೆ ಮೇಷ್ಟ್ರೇ," ಎಂದರು.

ನನಗೆ ಹುರುಪು ಬಂತು. ಮೂರೂವರೆ ತಿಂಗಳು ಕೈಯಲ್ಲಿತ್ತು. ಮೊದಲು ವೈದ್ಯರಿಗೆ ತೋರಿಸಿಕೊಂಡು ಬರಲು ಹೇಳಿದೆ. ಬೆನ್ನುಮೂಳೆಗೆ ತೊಂದರೆ ಇಲ್ಲ, ಸ್ನಾಯುಗಳು ಸೋತಿವೆ ಎಂದು ಬರೆದುಕೊಟ್ಟರು. ವಾರಕ್ಕೆ ಮೂರು ದಿನ ಡೆಡ್‌ಲಿಫ್ಟ್ ಶುರು ಮಾಡಿಸಿದೆ. ಬೆನ್ನು ನೇರವಾಗಿಟ್ಟು, ಸೊಂಟ ಮತ್ತು ತೊಡೆಯ ಬಲದಿಂದ ನೆಲದ ಮೇಲಿನ ಭಾರವನ್ನು ಎತ್ತುವುದಕ್ಕೆ ಹಾಗೆನ್ನುತ್ತಾರೆ. ಮೊದಲ ವಾರ ಬೆನ್ನಿಗೆ ಕೋಲು ಹಿಡಿಸಿ ಬಗ್ಗುವುದನ್ನಷ್ಟೇ ಕಲಿಸಿದೆ. ಆಮೇಲೆ ಇಪ್ಪತ್ತು ಕೆಜಿಯ ಖಾಲಿ ಬಾರ್‌ಬೆಲ್. ಅದನ್ನು ಎರಡು ಸಲ ಎತ್ತಿ ಮೂರನೆಯದಕ್ಕೆ ಕೂತುಬಿಟ್ಟಿದ್ದರು. ಎಂಟನೆಯ ವಾರಕ್ಕೆ ನಲವತ್ತು ಕೆಜಿಯನ್ನು ಒಂದೇ ಸಮನೆ ಐದು ಸಲ ಎತ್ತಿದರು. ಚೂಡಿದಾರ ತೊಟ್ಟು, ಬಳೆ ಮೇಲಕ್ಕೆ ಸರಿಸಿ, ಹಲ್ಲು ಕಚ್ಚಿ ಎತ್ತುತ್ತಿದ್ದ ಅವರನ್ನು ಕಂಡು ಬೇರೆ ಹೆಂಗಸರು ಟ್ರೆಡ್‌ಮಿಲ್ ನಿಲ್ಲಿಸುತ್ತಿದ್ದರು. ನನಗೆ ಜಂಬವೋ ಜಂಬ. ಕೆಲಸ ಮುಗಿಯಿತು ಎಂದು ಮನೆಯಲ್ಲಿ ಹೆಂಡತಿಯ ಹತ್ತಿರ ಕೊಚ್ಚಿಕೊಂಡೂ ಆಯಿತು.

ಆಗಸ್ಟ್ ಕೊನೆಯ ಒಂದು ಸಂಜೆ ರೇಣುಕಮ್ಮ ಬಂದವರು ಬಾರ್ ಮುಟ್ಟಲಿಲ್ಲ. ಬಲಗೈಯ ಮೇಲೆ ಬೆಂದ ಗುರುತು, ಅದಕ್ಕೆ ಮುಲಾಮು.

"ಇವತ್ತೂ ಕೈ ನಡುಗಿತು. ಶಾಂತಮ್ಮ ಹಿಡ್ಕೊಳ್ದೇ ಇದ್ರೆ ಬೀಳ್ತಿತ್ತು," ಎಂದರು. ಶಾಂತಮ್ಮ ಅವರ ಸಹಾಯಕಿ, ದಬರಿಯ ಇನ್ನೊಂದು ಬದಿ ಹಿಡಿಯುವವಳು.

"ನಲವತ್ತು ಕೆಜಿ ಎತ್ತೋರಿಗೆ ಅರ್ಧ ದಬರಿ ಭಾರವೇನ್ರೀ? ಹೆದರಿಕೊಂಡಿದೀರಿ, ಅಷ್ಟೆ," ಎಂದು ಗದರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಾಲಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿಕೊಂಡೆ.

ರೇಣುಕಮ್ಮ ನನ್ನನ್ನೇ ನೋಡಿ, ಸಮಾಧಾನದಲ್ಲೇ ಹೇಳಿದರು: "ಮೇಷ್ಟ್ರೇ, ನಿಮ್ಮ ಕಬ್ಬಿಣ ತಣ್ಣಗಿರ್ತದೆ."

ಆ ರಾತ್ರಿ ನನಗೆ ಆ ಮಾತು ಬಿಟ್ಟು ಬೇರೆ ಏನೂ ತಲೆಯಲ್ಲಿ ಇರಲಿಲ್ಲ. ಮರುದಿನ ರೇಣುಕಮ್ಮನ ಶಾಲೆಯ ಹೆಡ್‌ಮಾಸ್ಟರಿಗೆ ಫೋನು ಮಾಡಿ ಅನುಮತಿ ಕೇಳಿ, ಹನ್ನೊಂದು ಗಂಟೆಗೆ ಬೈಕಿನಲ್ಲಿ ಆ ಶಾಲೆಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಬಾಯಿ ಮುಚ್ಚಿಕೊಂಡು ನೋಡಿದೆ. ನನ್ನಂಥವನಿಗೆ ಅದೇ ದೊಡ್ಡ ವ್ಯಾಯಾಮ.

ದಿನಕ್ಕೆ ಎರಡು ದಬರಿ ಅನ್ನ. ಶಾಲೆಯ ಅಕ್ಕಿ ಗೋದಾಮಿನ ತಕ್ಕಡಿ ತರಿಸಿ ತೂಗಿಸಿದೆ: ಅನ್ನ, ಗಂಜಿ, ಪಾತ್ರೆ ಎಲ್ಲ ಸೇರಿ ಒಂದೊಂದು ನಲವತ್ತಾರು ಕೆಜಿ. ಒಬ್ಬೊಬ್ಬರ ಪಾಲಿಗೆ ಇಪ್ಪತ್ತಮೂರು. ಎತ್ತಿ ನೆಲಕ್ಕಿಡುವುದನ್ನು ರೇಣುಕಮ್ಮ ಸಲೀಸಾಗಿ ಮಾಡಿದರು. ಕಷ್ಟವಿದ್ದದ್ದು ಆಮೇಲೆ. ಮುಚ್ಚಳದ ಮೇಲೆ ಬಟ್ಟೆ ಬಿಗಿದು, ದಬರಿಯನ್ನು ಅರ್ಧ ಎತ್ತಿ ವಾಲಿಸಿ ಗಂಜಿ ಬಸಿಯಬೇಕು. ಚರಂಡಿಗೆ ಸುರಿದುಬಿಟ್ಟರೆ ಹತ್ತು ಹದಿನೈದು ಸೆಕೆಂಡಿನ ಕೆಲಸ. ಆದರೆ ಅಲ್ಲಿ ಗಂಜಿಯನ್ನು ಯಾರೂ ಚೆಲ್ಲುವುದಿಲ್ಲ. ಶಾಲೆಯ ಸುತ್ತಲಿನ ಮನೆಗಳವರು ಎಮ್ಮೆಗೆ ಕುಡಿಸಲು ಬಕೆಟ್ ಇಟ್ಟು ಹೋಗಿರುತ್ತಾರೆ, ದಿನಕ್ಕೊಂದು ಮನೆಯ ಸರದಿ. ಸಣ್ಣ ಬಾಯಿಯ ಬಕೆಟ್ಟಿಗೆ ಸಣ್ಣ ಧಾರೆಯಲ್ಲೇ ಬಸಿಯಬೇಕು. ನಾನು ಗಡಿಯಾರ ನೋಡಿದೆ, ಒಂದೂವರೆ ನಿಮಿಷ. ಅಷ್ಟೂ ಹೊತ್ತು ಅರ್ಧ ಬಗ್ಗಿಯೇ ಇರಬೇಕು. ಮುಖಕ್ಕೆ ಹಬೆ ಹೊಡೆಯುತ್ತದೆ, ಮೈಗೆ ತಾಗಿಸಿದರೆ ಸುಡುತ್ತದೆ, ಆದ್ದರಿಂದ ಭಾರ ಚಾಚಿದ ಕೈಯ ತುದಿಯಲ್ಲೇ ಉಳಿಯುತ್ತದೆ. ಅದೂ ಅಲ್ಲದೆ ವಾಲಿಸಿದ ಕೂಡಲೇ ಒಳಗಿನ ಗಂಜಿ ರೇಣುಕಮ್ಮನ ಬದಿಗೆ ನುಗ್ಗುತ್ತಿತ್ತು.

ನಾನು ಕಲಿಸಿದ್ದು ಭಾರವನ್ನು ಮೈಗೆ ಒತ್ತಿ ಎತ್ತುವುದನ್ನು, ಮೂರು ಸೆಕೆಂಡಿನಲ್ಲಿ ಇಳಿಸುವುದನ್ನು. ಅವರಿಗೆ ಬೇಕಾಗಿದ್ದದ್ದು ಭಾರವನ್ನು ಮೈಯಿಂದ ದೂರ ಹಿಡಿದು ತೊಂಬತ್ತು ಸೆಕೆಂಡು ಅಲ್ಲಾಡದೆ ನಿಲ್ಲುವುದು. ಗುರಿಯನ್ನು ಅವರು ಸರಿಯಾಗಿಯೇ ಹೇಳಿದ್ದರು. ದಬರಿ ಇಳಿಸುವುದೆಂದರೆ ಅವರ ಲೆಕ್ಕದಲ್ಲಿ ಬಸಿಯುವುದೂ ಸೇರಿಯೇ ಇತ್ತು, ಬಿಡಿಸಿ ಹೇಳುವ ವಿಷಯ ಎಂದೇ ಅವರಿಗೆ ಅನ್ನಿಸಿರಲಿಲ್ಲ. ಕೇಳಬೇಕಾಗಿದ್ದವನು ನಾನು. ನಾಚಿಕೆಯಾಯಿತು.

"ಗಂಜಿ ಚರಂಡಿಗೆ ಬಿಟ್ರೆ ಆಗಲ್ವಾ ರೇಣುಕಮ್ಮ?" ಎಂದು ಒಂದು ಮಾತು ಕೇಳಿದೆ.

"ಅನ್ನದ ಗಂಜಿ ಚರಂಡಿಗಾ? ಎಮ್ಮೆ ಎಂತ ಪಾಪ ಮಾಡಿತ್ತು?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಉಳಿದದ್ದು ಐದು ವಾರ. ಪೆಂಡಾಲ್ ಸಾಮಾನಿನ ಅಂಗಡಿಯಿಂದ ಅದೇ ಅಳತೆಯ ದಬರಿಯೊಂದನ್ನು ತಂದು ಜಿಮ್‌ನ ನಡುಮಧ್ಯೆ ಇಟ್ಟೆ. ಭಾರ ಇಬ್ಬರದ್ದು, ತರಬೇತಿ ಒಬ್ಬರಿಗೇ ಕೊಟ್ಟರೆ ಹೇಗೆ? ಶಾಂತಮ್ಮನನ್ನೂ ಬರಹೇಳಿದೆ. ಇಪ್ಪತ್ತು ಲೀಟರ್ ನೀರು ತುಂಬಿ ಮೂವತ್ತು ಸೆಕೆಂಡ್ ಹಿಡಿಯುವುದರಿಂದ ಶುರುವಾಯಿತು. ಅಲುಗಾಡದೆ ಹಿಡಿದು ನಿಲ್ಲುವ ಈ ಬಗೆಗೆ ಹೋಲ್ಡ್ ಎನ್ನುತ್ತೇವೆ. ಉದ್ದ ಕಾಲಿನ ಶಾಂತಮ್ಮ ಯಾವಾಗಲೂ ಅರೆಕ್ಷಣ ಮೊದಲೇ ಎತ್ತಿಬಿಡುತ್ತಿದ್ದಳು, ಗಂಜಿ ಈಚೆ ನುಗ್ಗುತ್ತಿದ್ದದ್ದು ಅದಕ್ಕೇ. ಇನ್ನು ಮೇಲೆ ರೇಣುಕಮ್ಮ 'ಹ್ಞೂಂ' ಅನ್ನದೆ ಯಾರೂ ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ದಪ್ಪ ಕ್ಯಾನ್ವಾಸಿನ ಎರಡು ಏಪ್ರನ್ ಹೊಲಿಸಿದೆ. ಅದು ಇದ್ದರೆ ಪಾತ್ರೆಯನ್ನು ಮೈಗೆ ಇನ್ನೊಂದು ಗೇಣು ಹತ್ತಿರ ತರಬಹುದು.

ಒಂದು ದಿನ ಬೇಗ ಬಂದಿದ್ದ ಕಾಲೇಜು ಹುಡುಗರು ಬಾಗಿಲಲ್ಲಿ ನಿಂತು ಕಿಸಕ್ಕೆಂದರು. ಒಬ್ಬ, "ಸರ, ಜಿಮ್ಮೋ ಅಡುಗೆಮನೆಯೋ?" ಎಂದ. ಬೆಂಚಿನ ಮೇಲೆ ತೊಂಬತ್ತು ಕೆಜಿ ಎತ್ತುವ ಹುಡುಗ, ತೋಳು ಮುಟ್ಟಿ ನೋಡಿಕೊಳ್ಳುವುದೇ ಅವನ ಉದ್ಯೋಗ.

"ಬಾರಪ್ಪ ಪೈಲ್ವಾನ. ಗೆಳೆಯನನ್ನೂ ಕರ್ಕೊಂಡು ಬಾ. ಒಂದೂವರೆ ನಿಮಿಷ ಹಿಡಿದು ತೋರಿಸು," ಎಂದೆ.

ನಲವತ್ತು ಸೆಕೆಂಡಿಗೆ ಅವನ ಮೊಣಕೈ ನಡುಗಿತು. ಐವತ್ತಕ್ಕೆ ಅರ್ಧ ದಬರಿ ನೀರು ಅವನ ಹೊಸ ಬೂಟಿನ ಮೇಲಿತ್ತು. ರೇಣುಕಮ್ಮ ಒರೆಸುವ ಬಟ್ಟೆ ತಂದು ಅವನ ಕೈಗೆ ಕೊಟ್ಟರು. ಅವನು ನೆಲ ಒರೆಸಿದ. ಮರುದಿನದಿಂದ ಅವನೇ ದಬರಿಗೆ ನೀರು ತುಂಬಿಸಿ ಇಡತೊಡಗಿದ.

ಸೆಪ್ಟೆಂಬರ್ ಕೊನೆಯ ವಾರ, ರಜೆಗೆ ಮೂರು ದಿನ ಮುಂಚೆ ಸಮಿತಿಯ ಅಧ್ಯಕ್ಷರು, ಇಬ್ಬರು ಸದಸ್ಯರು ಮತ್ತು ಹೆಡ್‌ಮಾಸ್ಟರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ರೇಣುಕಮ್ಮ ಹೇಳಿಕಳಿಸಿದ್ದರಿಂದ ನಾನೂ ಹೋಗಿದ್ದೆ. ನನ್ನ ಶಾಲೆಯ ಹುಡುಗರು ಜಿಲ್ಲಾ ಮಟ್ಟದಲ್ಲಿ ಆಡುವಾಗಲೂ ನನ್ನ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

"ಹ್ಞೂಂ," ಎಂದರು ರೇಣುಕಮ್ಮ. ಎರಡು ಜೊತೆ ಕೈ ಒಂದೇ ಸಲಕ್ಕೆ ಎದ್ದವು. ದಬರಿ ನೆಲಕ್ಕೆ ಬಂತು, ಬಟ್ಟೆ ಬಿಗಿದಾಯಿತು, ಮತ್ತೆ 'ಹ್ಞೂಂ'. ಬೆರಳು ದಪ್ಪದ ಧಾರೆ ಬಕೆಟ್ಟಿನೊಳಕ್ಕೆ ಬಿದ್ದೇ ಬಿದ್ದಿತು. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಅರವತ್ತು ದಾಟಿತು, ಎಂಬತ್ತು ದಾಟಿತು, ತೊಂಬತ್ತೆರಡಕ್ಕೆ ಧಾರೆ ನಿಂತಿತು. ನೆಲದ ಮೇಲೆ ಒಂದು ಹನಿ ಇರಲಿಲ್ಲ. ಎರಡನೆಯ ದಬರಿಯೂ ಹಾಗೆಯೇ ಮುಗಿಯಿತು. ನನ್ನ ಕಣ್ಣು ಮಂಜಾಗಿದ್ದು ಹಬೆಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆಮ್ಮೆಯಿಂದಲೇ ಆಗಿತ್ತು.

ಅಧ್ಯಕ್ಷರು ಒಳ್ಳೆಯ ಮನುಷ್ಯರೇ. "ಆಯ್ತವ್ವ, ನಮ್ಮದೇನೂ ತಕರಾರಿಲ್ಲ. ನೀನೇ ಮುಂದುವರಿಸು," ಎಂದು ಹೊರಡಲು ತಿರುಗಿದರು.

"ಒಂದ್ನಿಮಿಷ ನಿಲ್ಲಿ," ಎಂದರು ರೇಣುಕಮ್ಮ, ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತಾ. "ಈ ಎರಡು ದಬರಿ ತೆಗೆದು ಚಿಕ್ಕವು ನಾಲ್ಕು ಕೊಡ್ಸಿ. ಇನ್ನೊಂದು ಒಲೆನೂ ಬೇಕು."

ಅಧ್ಯಕ್ಷರು ತಬ್ಬಿಬ್ಬಾದರು. "ಈಗ ತಾನೇ ಎತ್ತಿ ತೋರಿಸಿದಿಯಲ್ಲವ್ವ. ಮತ್ತ್ಯಾಕ?"

"ಅದಕ್ಕೇ ಕೇಳ್ತಿದೀನಿ. ಕೈಲಾಗದೇ ಇದ್ದಾಗ ಕೇಳಿದ್ರೆ ನೀವು ದಬರಿ ಬದಲು ನನ್ನನ್ನೇ ಬದಲು ಮಾಡ್ತಿದ್ರಿ. ಈಗ ನಂಗೆ ಆಗ್ತದೆ. ನಾಳೆ ಶಾಂತಮ್ಮಂಗೂ ನನ್ನಷ್ಟೇ ವಯಸ್ಸಾಗ್ತದೆ. ಇಷ್ಟು ಭಾರ ಯಾರೂ ಎತ್ತೋದು ಬೇಡ."

ಹೆಡ್‌ಮಾಸ್ಟರು ಕಿಸೆಯಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು. ದಸರಾ ರಜೆ ಮುಗಿದು ಶಾಲೆ ತೆರೆದ ಎರಡನೆಯ ವಾರಕ್ಕೆ ನಾಲ್ಕು ಚಿಕ್ಕ ದಬರಿಗಳೂ ಒಂದು ಒಲೆಯೂ ಬಂದವು.

ಬಂದವರ ಗುರಿಯನ್ನು ನಾನು ಈಗಲೂ ಮೊದಲು ಕೇಳುತ್ತೇನೆ. ಆದರೆ ಕೇಳಿ ಬರೆದುಕೊಂಡು ಸುಮ್ಮನಾಗುವುದಿಲ್ಲ, ಸಾಧ್ಯವಾದರೆ ಅವರು ಕೆಲಸ ಮಾಡುವಲ್ಲಿಗೇ ಹೋಗಿ ನೋಡುತ್ತೇನೆ. ರೇಣುಕಮ್ಮ ನನಗೆ ಕಲಿಸಿದ ಪಾಠ ಅದೊಂದೇ ಆಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಬಲ ಬೇಕಾಗಿರುವುದು ಭಾರ ಹೊರುವುದಕ್ಕೆ ಎಂದು ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಇಷ್ಟು ಭಾರ ಯಾರಿಗೂ ಬೇಡ ಎಂದು ಎದುರು ನಿಂತು ಹೇಳುವುದಕ್ಕೂ ಬಲ ಬೇಕು, ಭಾರ ಹೊತ್ತು ತೋರಿಸಿದವರು ಆ ಮಾತು ಹೇಳಿದರೆ ಮಾತ್ರ ಜನ ಕೇಳುತ್ತಾರೆ. ಅದು ನ್ಯಾಯವಲ್ಲ, ಆದರೆ ಹಾಗೇ ಇದೆ. ರೇಣುಕಮ್ಮ ಅದನ್ನು ನನಗಿಂತ ಮೊದಲೇ ತಿಳಿದುಕೊಂಡು ನನ್ನ ಬಾಗಿಲಿಗೆ ಬಂದಿದ್ದರು.