ಠಣಕ್ಕನ ಕಿವಿಯೊಳಗಿನ ಪಿಂಗಾಣಿ

ನನ್ನ ಅಕ್ಕನ ಮೇಲೆ ನನಗೆ ಸಿಟ್ಟಿದೆ. ಇದನ್ನು ಹೇಳಿ ಮುಗಿಸುವ ಹೊತ್ತಿಗಾದರೂ ಅದು ಇಳಿಯುತ್ತದೆಂಬ ಭರವಸೆ ನನಗಿಲ್ಲ.

ನಾವಿಬ್ಬರೂ ಪಿಂಗಾಣಿ ಕಪ್ಪು ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇವೆ. ನಾನು ಪ್ಯಾಕಿಂಗ್‌ನಲ್ಲಿ ಕಪ್ಪುಗಳನ್ನು ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತೇನೆ. ಅವಳು ಬಡಿಯುವ ಮೇಜಿನಲ್ಲಿದ್ದಳು. ಭಟ್ಟಿಯಿಂದ ಬಂದ ಪ್ರತಿ ಕಪ್ಪನ್ನೂ ಬೆರಳ ತುದಿಯಲ್ಲಿ ಎತ್ತಿ, ಮರದ ಕಡ್ಡಿಯಿಂದ ಅಂಚಿಗೆ ಒಂದು ಸಣ್ಣ ಏಟು. ಠಣ್ ಎಂಬ ಸದ್ದು ಉಳಿದರೆ ಕಪ್ಪು ಗಟ್ಟಿ. ಬೇಗ ಸತ್ತರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ, ಬಿಸಿ ಬಿದ್ದ ದಿನ ಅದು ಬಾಯಿ ಬಿಡುತ್ತದೆ. ಎಲ್ಲರೂ ಅವಳನ್ನು ಠಣಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಕರೆದಾಗ ಅವಳ ಮುಖ ನೋಡಬೇಕಿತ್ತು, ಬಿರುದು ಕೊಟ್ಟ ಹಾಗೆ ಅರಳುತ್ತಿತ್ತು.

ಅವಳ ಬಲಗಿವಿ ಚಿಕ್ಕಂದಿನಲ್ಲೇ ಕೈಕೊಟ್ಟಿತ್ತು. ದುಡಿಮೆಯೆಲ್ಲ ಎಡಗಿವಿಯದು. ಅದೂ ಸೋರಲು ಶುರುವಾಯಿತು. ಡಾಕ್ಟರಿಗೆ ತೋರಿಸು ಎಂದು ನಾನು ಬಡಕೊಂಡೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಎದ್ದು ಹೋಗುತ್ತಿತ್ತು. ನನ್ನ ಮಾತು ಅರ್ಧಕ್ಕರ್ಧ ಕೇಳಿಸದಾದಾಗ ಎಳೆದುಕೊಂಡೇ ಹೋದೆ. ಕಿವಿತಮಟೆಯಿಂದ ಒಳಕ್ಕೆ ಸದ್ದು ಮುಟ್ಟಿಸುವ ಪುಟ್ಟ ಮೂಳೆಗಳಲ್ಲಿ ಒಂದನ್ನು ಸೋಂಕು ತಿಂದುಹಾಕಿತ್ತು. ಅದರ ಜಾಗದಲ್ಲಿ ಕೃತಕ ಮೂಳೆ ಕೂರಿಸೋಣ ಎಂದರು ಡಾಕ್ಟರಮ್ಮ.

ಅವರ ಮೇಜಿನ ಮೇಲೆ ತೋರಿಸಲೆಂದೇ ಇಟ್ಟ ಎರಡು ಮಾದರಿಗಳಿದ್ದವು, ಎರಡೂ ಅಕ್ಕಿಕಾಳಿನಷ್ಟು. ಬಿಳಿಯದು ಪಿಂಗಾಣಿಯ ಜಾತಿಯದು, ಕೊಂಚ ದಪ್ಪ. ಇನ್ನೊಂದು ಟೈಟಾನಿಯಂ ಲೋಹದ್ದು, ಊದಿದರೆ ಹಾರಿಹೋಗುವಂಥದ್ದು. ಮಾತು ಕೇಳುವುದಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ, ಆದರೂ ತಾವು ಲೋಹದ್ದನ್ನೇ ಹೆಚ್ಚಾಗಿ ಹಾಕುವುದು ಎಂದರು. ನಮ್ಮವಳು ಒಪ್ಪಬೇಕಲ್ಲ! ಎರಡನ್ನೂ ಒಂದೊಂದಾಗಿ ಮೇಜಿನ ಗಾಜಿನ ಮೇಲೆ ಬೀಳಿಸಿ, ಯಾವುದು ಕೇಳಿಸಿತು ಎಂದು ನನ್ನನ್ನು ಕೇಳಿದಳು. ಬಿಳಿಯದು ಟಿಕ್ ಎಂದಿತ್ತು, ಲೋಹದ್ದು ಉಸಿರೆತ್ತಿರಲಿಲ್ಲ. ಇದ್ದದ್ದನ್ನು ಹೇಳಿದೆ.

“ತನಗೇ ಸದ್ದಿಲ್ಲದ್ದು ಬೇರೆ ಸದ್ದನ್ನ ಏನು ಮುಟ್ಟಿಸುತ್ತೆ?” ಎಂದಳು ಅಕ್ಕ. “ಬಿಳೀದೇ ಹಾಕಿ ಡಾಕ್ಟ್ರೇ. ಅದರ ಜೊತೆಗೇ ಬಾಳಿದೀನಿ, ನಂಗೆ ಗೊತ್ತು.”

ಕೆಲಸ ಪಿಂಗಾಣಿ ಕಾರ್ಖಾನೆಯಲ್ಲಿ ಎಂದು ಡಾಕ್ಟರಿಗೆ ಹೇಳಿದಳೇ ಹೊರತು, ತನ್ನದು ಕಿವಿಯ ಕೆಲಸ ಎಂದು ಬಾಯಿ ಬಿಡಲಿಲ್ಲ. ಬಿಳಿಯದನ್ನೇ ಹಾಕಿದರು.

ಮಾತು ಚೆನ್ನಾಗಿ ಕೇಳಿಸತೊಡಗಿತು. ಕಿವಿ ಪರೀಕ್ಷೆ ಮಾಡಿದವರೂ ತಲೆದೂಗಿದರು. ಅಕ್ಕ ಮೇಜಿಗೆ ಮರಳಿದಳು, ಸ್ವಲ್ಪ ಕಾಲಕ್ಕೆ ಅಂಗಡಿಗಳಿಂದ ಕಪ್ಪುಗಳೂ ಮರಳತೊಡಗಿದವು. ಭಟ್ಟಿ ಸರಿಯಿಲ್ಲ ಎಂದಳು. ಕಡ್ಡಿ ಸವೆದಿದೆ ಎಂದು ಹೊಸ ಕಡ್ಡಿ ತರಿಸಿದಳು. ಕೊನೆಗೆ ನಾನು ಬಿಗಿಯಾಗಿ ಸುತ್ತುವುದರಿಂದಲೇ ಬಿರುಕು ಬಿಡುತ್ತಿದೆ ಎಂದಳು. ಆ ವಾರವೆಲ್ಲ ನಾನು ಅವಳೊಡನೆ ಮಾತು ಬಿಟ್ಟೆ.

ಒಂದು ದಿನ ಸೂಪರ್‌ವೈಸರ್ ವಾಪಸು ಬಂದ ಕಪ್ಪೊಂದನ್ನು ಅವಳ ಮುಂದಿಟ್ಟು ಬಡಿಯಲು ಹೇಳಿದರು. ಬಡಿದಳು. ಚೆನ್ನಾಗಿದೆ ಎಂದಳು. ಅದರ ಸದ್ದು ಅಲ್ಲಿದ್ದವರಿಗೆಲ್ಲ ಒಡಕಲಾಗಿ ಕೇಳಿಸಿತ್ತು. ಯಾರೂ ಅವಳ ಮುಖ ನೋಡಲಿಲ್ಲ. ಮೇಜು ಹೊಸ ಹುಡುಗಿಯೊಬ್ಬಳ ಪಾಲಾಯಿತು.

ಮತ್ತೆ ಆಸ್ಪತ್ರೆಗೆ ಹೋಗಿ, ಅಕ್ಕನ ಕೆಲಸ ಏನೆಂದು ನಾನೇ ಹೇಳಿದೆ. ಡಾಕ್ಟರಮ್ಮ ಈ ಸಲ ಕೂತು ಬಿಡಿಸಿ ಹೇಳಿದರು. “ಸಣ್ಣ, ಚೂಪು ದನಿ ಅಂದ್ರೆ ತುಂಬಾ ಬೇಗ ಬೇಗ ನಡುಗೋದು ಅಮ್ಮಾ. ಭಾರ ಇರೋದು ಅಷ್ಟು ಬೇಗ ನಡುಗಲ್ಲ. ಮಾತಿನ ದನಿ ದಾಟುತ್ತೆ, ನಿಮ್ಮ ಕಪ್ಪಿನ ಆ ಕೊನೇ ಎಳೆ ದಾಟಲ್ಲ. ಇದರ ಕೆಲಸ ಸದ್ದು ಮಾಡೋದಲ್ಲ, ದಾಟಿಸೋದು.”

ಹಗುರವಾದ ಲೋಹದ್ದಕ್ಕೆ ಬದಲಿಸಬಹುದು, ಆದರೆ ಮತ್ತೆ ಕಿವಿ ತೆರೆದರೆ ಇರುವುದೂ ಹೋಗಬಹುದು ಎಂದರು. ಮಾತು ಕೇಳಿಸುತ್ತದಲ್ಲ, ಅಷ್ಟು ಸಾಲದೇ ಎಂದು ನಾನು ಅಂಗಲಾಚಿದೆ. ನಿನ್ನ ಮಾತು ಕೇಳಿಕೊಂಡು ಎಷ್ಟು ವರ್ಷ ಕೂರಲಿ ಎಂದಳು ಪುಣ್ಯಾತ್ಗಿತ್ತಿ. ಮಾಡಿಸಿಕೊಂಡಳು.

ಕಾರ್ಖಾನೆಯಲ್ಲಿ ಒಂದು ರೂಢಿಯಿದೆ. ಪ್ರತಿ ಭಟ್ಟಿಯ ಮಾಲಿನಿಂದ ಒಂದು ಕಪ್ಪನ್ನು ಬಡಿದವರು ಮನೆಗೆ ಒಯ್ಯಬಹುದು. ಅಕ್ಕನ ಕಪಾಟಿನಲ್ಲಿ ಬಿಳಿ ಮೂಳೆಯಿದ್ದ ಆ ಕೆಟ್ಟ ಕಾಲದ ಕಪ್ಪುಗಳೆಲ್ಲ ಸಾಲಾಗಿದ್ದವು, ಒಂದಕ್ಕೂ ಟೀ ಕಂಡು ಗೊತ್ತಿರಲಿಲ್ಲ. ಕಿವಿ ಮಾಗಿ ಊತ ಇಳಿದ ಮೇಲೆ, ಒಂದು ಬೆಳಿಗ್ಗೆ ಚಮಚ ತೆಗೆದುಕೊಂಡು ಮೊದಲನೆಯದಕ್ಕೆ ಬಡಿದಳು. ಠಣ್. ಅದು ಪೂರ್ತಿ ಇಂಗುವವರೆಗೂ ಅಲುಗಾಡದೆ ನಿಂತಳು, ಕಣ್ಣು ತುಂಬಿ ಬಂತು. ನನಗೂ ಬಂತು. ಎರಡನೆಯದಕ್ಕೆ ಬಡಿದಳು, ಮೂರನೆಯದಕ್ಕೆ ಬಡಿದಳು. ಅವಳ ಮುಖ ಇಷ್ಟಿಷ್ಟೇ ಇಳಿಯುತ್ತ ಹೋಯಿತು. ಕೊನೆಗೆ ನೆಲದ ಮೇಲೆ ಎರಡು ಗುಂಪುಗಳಾದವು, ಒಡಕಿನದೇ ದೊಡ್ಡದು.

“ಇವನ್ನೆಲ್ಲ ನಾನೇ ಪಾಸು ಮಾಡಿದ್ದು ಕಣೇ. ಯಾರ ಕೈಮೇಲೆ ಬಿಸಿ ಚೆಲ್ಲಿದೆಯೋ,” ಎಂದಳು.

ಮೇಜನ್ನು ವಾಪಸು ಕೊಡುತ್ತೇನೆಂದು ಸೂಪರ್‌ವೈಸರ್ ಆಗಲೇ ಒಪ್ಪಿದ್ದರು. ಬಾಯಿ ಮುಚ್ಚಿಕೊಂಡು ಹೋಗಿ ಕೂತರೆ ಮುಗಿಯುತ್ತಿತ್ತು. ಅದನ್ನೇ ಹೇಳಿದೆ, ಕೂಗಾಡಿದೆ, ಕೈಮುಗಿದೆ. ಅವಳು ಒಡಕು ಕಪ್ಪುಗಳನ್ನೆಲ್ಲ ಬುಟ್ಟಿಗೆ ತುಂಬಿ ಒಯ್ದು, ಅವರ ಎದುರಿಗೇ ಒಂದೊಂದನ್ನೂ ಬಡಿದು ತೋರಿಸಿದಳು.

ಅವರು ಗೋದಾಮಿನಲ್ಲಿದ್ದ ಹಳೆಯ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿದರು. ಮೇಜು ಹುಡುಗಿಗೇ ಇರಲಿ ಎಂದು ಅಕ್ಕನನ್ನು ಪ್ಯಾಕಿಂಗ್‌ಗೆ, ನನ್ನ ಪಕ್ಕಕ್ಕೇ ತಂದು ಕೂರಿಸಿದರು.

ಈಗ ಸುತ್ತುವ ಮೊದಲು ಪ್ರತಿ ಕಪ್ಪನ್ನೂ ಉಗುರಿನಿಂದ ಬಡಿಯುತ್ತಾಳೆ. ಯಾರೂ ಹೇಳಿದ್ದಲ್ಲ. ಅವಳ ಪಾಲಿನ ಕೆಲಸವೂ ನನ್ನ ತಲೆಗೇ ಬರುತ್ತದೆ. ನಿನ್ನೆ ನಾನು ಸುತ್ತಿಟ್ಟ ಕಪ್ಪೊಂದನ್ನೂ ಬಿಚ್ಚಿ, ಬಡಿದು, ಪಕ್ಕಕ್ಕಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಆ ಕಪ್ಪನ್ನು ಕಿವಿಯ ಹತ್ತಿರ ಹಿಡಿದು ನಾನೂ ಬಡಿದೆ. ನನಗೆ ಏನೂ ತಪ್ಪು ಕೇಳಿಸಲಿಲ್ಲ. ಇವಳ ಸೊಕ್ಕು ಮುರಿಯುತ್ತೇನೆಂದು ಅದಕ್ಕೆ ಕುದಿಯುವ ನೀರು ಹುಯ್ದೆ. ತಳದಿಂದ ಒಂದು ಹನಿ ಮೇಜಿನ ಮೇಲೆ ಬಿತ್ತು, ಅದರ ಹಿಂದೆಯೇ ಇನ್ನೊಂದು. ಅವಳು ತಿರುಗಿಯೂ ನೋಡಲಿಲ್ಲ, ಮುಂದಿನ ಕಪ್ಪನ್ನು ಬಡಿಯುತ್ತಿದ್ದಳು.